ಮುದ್ದೆಮಾಲು ಕೋಣೆಯ ಬೀಗ

ನಾನು ಒಂದು ಬೀಗ. ಪೇಟೆಯಲ್ಲಿ ಗೊಂಚಲುಗೊಂಚಲಾಗಿ ತೂಗುಹಾಕಿರುತ್ತಾರಲ್ಲ, ಆ ಜಾತಿಯದಲ್ಲ. ದಿಂಡಿಗಲ್ಲಿನ ಒಂದು ಓಣಿಯಲ್ಲಿ ದಪ್ಪ ಕನ್ನಡಕದ ಮುದುಕನೊಬ್ಬ ನನ್ನನ್ನು ಅರದಿಂದ ಉಜ್ಜಿ ಉಜ್ಜಿ ಮಾಡಿದ. ಹೊಟ್ಟೆಯೊಳಗೆ ಹಿತ್ತಾಳೆಯ ಲಿವರುಗಳನ್ನು ಒಂದೊಂದಾಗಿ ಕೂರಿಸಿ, ಕಿವಿಗೆ ಹಿಡಿದು ಅಲ್ಲಾಡಿಸಿ ನೋಡಿದ. ಕೊನೆಗೆ ಅಂಗಡಿಯಲ್ಲಿದ್ದ ಕೀಲಿಕೈಗಳನ್ನೆಲ್ಲ ನನ್ನ ಬಾಯಿಗೆ ತುರುಕಿ ತಿರುವಿದ. ನಾನು ಒಂದಕ್ಕೂ ಬಗ್ಗಲಿಲ್ಲ. ನನ್ನದೇ ಕೀಲಿಕೈ ಬಂದಾಗ ಮಾತ್ರ ಟಕ್ಕನೆ ಕೊಕ್ಕೆ ಬಿಟ್ಟೆ. ಮುದುಕ ನನ್ನ ಬೆನ್ನು ತಟ್ಟಿದ. ಆವತ್ತಿನಿಂದ ನನಗೊಂದಿಷ್ಟು ಸೊಕ್ಕು. ಆ ಸೊಕ್ಕಿಗೆ ಬೆಲೆ ತೆತ್ತವಳು ಬೇರೆಯವಳು. ಅವಳ ಕತೆ ಹೇಳದೆ ನನ್ನ ಕತೆ ಮುಗಿಯುವುದಿಲ್ಲ.

ಬಯಲುಸೀಮೆಯ ಒಂದು ತಾಲೂಕು ಕೋರ್ಟಿನವರು ನನ್ನನ್ನು ಕೊಂಡು ತಂದರು. ಈ ಕಡೆ ಬೀಗಕ್ಕೆ ಕೀಲಿ ಎನ್ನುತ್ತಾರೆ. ಎರಡು ದಿನಕ್ಕೆ ಆ ಹೆಸರೂ ಅಭ್ಯಾಸವಾಯಿತು. ನನ್ನನ್ನು ಹಾಕಿದ್ದು ಮುದ್ದೆಮಾಲು ಕೋಣೆಗೆ. ಪೊಲೀಸರು ಕೇಸಿನಲ್ಲಿ ಹಿಡಿದು ತಂದ ಸಾಮಾನನ್ನೆಲ್ಲ ತೀರ್ಪಾಗುವ ತನಕ ಇಡುವ ಜಾಗ ಅದು. ಕದ್ದ ಬಂಗಾರ, ತಲೆ ಒಡೆದ ಬಡಿಗೆ, ರಕ್ತ ಒಣಗಿ ಗಡುಸಾದ ಅಂಗಿ, ಯಾರೋ ಕುಡಿದು ಬಿಟ್ಟ ವಿಷದ ಬಾಟಲಿ. ಒಂದೊಂದನ್ನೂ ಬಟ್ಟೆಯಲ್ಲಿ ಸುತ್ತಿ, ಗಂಟಿನ ಮೇಲೆ ಅರಗು ಸುರಿದು, ಮೊಹರು ಒತ್ತಿ ಇಡುತ್ತಿದ್ದರು. ಬಾಗಿಲ ಸಂದಿಯಿಂದ ಬರುವ ಆ ವಾಸನೆ ಇದೆಯಲ್ಲ, ಅಬ್ಬಾ, ಇವತ್ತಿಗೂ ನನ್ನ ಬಾಯಿಂದ ಹೋಗಿಲ್ಲ.

ಹಳೆಯ ಕೋರ್ಟು ಕಲ್ಲಿನ ಕಟ್ಟಡ. ತೇಗದ ಬಾಗಿಲು. ನಾನು ಜೋತುಬೀಳುವ ಕೊಂಡಿಯನ್ನು ಬಾಗಿಲ ಆರಪಾರ ಬೋಲ್ಟು ಹೊಡೆದು ಒಳಗಿನಿಂದ ಬಿಗಿದಿದ್ದರು. ಆಗ ನನ್ನ ಕೀಲಿಕೈ ಗುರುಪಾದಪ್ಪನ ಹತ್ತಿರ ಇರುತ್ತಿತ್ತು. ಅವನಿನ್ನೂ ಎಳೆಯ ಗುಮಾಸ್ತ. ಸಾಹೇಬರು ಕೆಮ್ಮಿದರೆ ಎದ್ದು ನಿಲ್ಲುವವನು. ಬೀಗ ಹಾಕಿ, ಜಗ್ಗಿ ನೋಡಿ, ನಾಲ್ಕು ಹೆಜ್ಜೆ ಹೋದವನು ತಿರುಗಿ ಬಂದು ಮತ್ತೆ ಜಗ್ಗುತ್ತಿದ್ದ. ಒಳ್ಳೆಯ ಹುಡುಗ ಎಂದುಕೊಂಡಿದ್ದೆ. ವರ್ಷ ಕಳೆದಂತೆ ಅವನಿಗೆ ಹೊಟ್ಟೆ ಬಂತು, ಉಂಗುರ ಬಂದವು. ನನ್ನನ್ನು ಜಗ್ಗುವುದು ನಿಂತುಹೋಯಿತು.

ಆಮೇಲೆ ಹೊಸ ಕಟ್ಟಡ ಎದ್ದಿತು. ತೆಳ್ಳನೆಯ ಬಾಗಿಲು, ಕೊಂಡಿಯ ಪಟ್ಟಿಯನ್ನು ಹೊರಗಿನಿಂದಲೇ ನಾಲ್ಕು ಸ್ಕ್ರೂ ತಿರುವಿ ಕೂರಿಸಿದರು. ಬೀಗ ಹಾಕಿದ ಮೇಲೂ ಆ ನಾಲ್ಕು ಸ್ಕ್ರೂ ತಲೆಗಳು ಹೊರಗೇ ಕಾಣುತ್ತಿದ್ದವು. ಅಲ್ಲ ಸ್ವಾಮಿ, ಇಷ್ಟು ಗಟ್ಟಿ ಬೀಗ ತಂದು ಅದನ್ನು ಇಂಥ ಪಟ್ಟಿಗೆ ಹಾಕುತ್ತಾರೆಯೇ? ಕೂಗಿ ಹೇಳಬೇಕೆನ್ನಿಸಿತು. ಕೇಳುವವರು ಯಾರು? ಬಂದವರೆಲ್ಲ ನನ್ನನ್ನೇ ಹಿಡಿದು ಜಗ್ಗಿ, "ಗಟ್ಟಿ ಐತಿ ಬಿಡ್ರಿ" ಎಂದು ಹೋದರು. ಗುರುಪಾದಪ್ಪ ಒಬ್ಬ ಮಾತ್ರ ಪಟ್ಟಿಯನ್ನು ನೋಡಿದ. ಬಹಳ ಹೊತ್ತು ನೋಡಿದ. ಅಷ್ಟರಲ್ಲಿ ಅವನು ಬಡ್ತಿ ಪಡೆದು ನಾಜರ್ ಆಗಿದ್ದ. ಆಫೀಸಿನ ಸಾಮಾನಿಗೆಲ್ಲ ಮೇಲಿನ ಯಜಮಾನ ಅವನೇ.

ಅವನ ಹಳೆಯ ಜಾಗಕ್ಕೆ ಬಂದವಳು ದಾಕ್ಷಾಯಣಿ. ಪರೀಕ್ಷೆ ಬರೆದು ಗೆದ್ದು ಬಂದ ಹೊಸ ಗುಮಾಸ್ತೆ. ಅವರವ್ವ ಖಾನಾವಳಿಗೆ ರೊಟ್ಟಿ ಬಡಿದು ಓದಿಸಿದ ಮಗಳು. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಒಂದು ಕಪ್ಪುಚುಕ್ಕೆ ಬಿದ್ದರೂ ಮನೆಗೆ ಹೋಗಬೇಕು. ಚಾರ್ಜ್ ತೆಗೆದುಕೊಳ್ಳುವ ದಿನ ಅವಳು ನನ್ನ ಮುಂದೆ ನಿಂತು, "ಒಳಗ ಒಂದ್ಸಲ ನೋಡಿ ಸಹಿ ಹಾಕ್ತೀನ್ರಿ ಸರ್" ಎಂದಳು.

ಗುರುಪಾದಪ್ಪ ನಕ್ಕ. "ಅವನ್ನೆಲ್ಲ ನೋಡಾಕ ಕುಂತ್ರ ನಿನ್ನ ಮದುವ್ಯಾಗಿ ಮಕ್ಕಳಾಗ್ತಾವ ತಂಗಿ. ಕೀಲಿ ಗಟ್ಟಿ ಐತಿ, ಅಂದ್ರ ಮಾಲು ಒಳಗೈತಿ. ನಾವೆಲ್ಲಾರೂ ಹಿಂಗ ಚಾರ್ಜ್ ತಗೊಂಡವರು. ಹಾಕು ಸಹಿ."

ಸುತ್ತ ನಿಂತವರೂ ನಕ್ಕರು. ಅವಳು ನಾಚಿಕೊಂಡು ಸಹಿ ಹಾಕಿದಳು. ನನ್ನ ಕೀಲಿಕೈಗೆ ಕೆಂಪು ದಾರ ಪೋಣಿಸಿ ಕೊರಳಿಗೆ ಹಾಕಿಕೊಂಡಳು. ದಿನಾ ಸಂಜೆ ನನ್ನನ್ನು ಜಗ್ಗಿ, ಹೋದವಳು ತಿರುಗಿ ಬಂದು ಮತ್ತೆ ಜಗ್ಗುತ್ತಿದ್ದಳು. ಅದನ್ನು ಕಂಡು ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಅವಳ ಕೈ ನನ್ನ ಮೇಲಿದ್ದಾಗ, ಅವಳ ಮೂಗಿನ ಮುಂದೆಯೇ ಆ ನಾಲ್ಕು ಸ್ಕ್ರೂ ಮಿನುಗುತ್ತಿದ್ದವು.

ಬೇಸಿಗೆಯಲ್ಲಿ ಪೊಲೀಸರು ಒಂದು ಬೋರಮಾಳ ಸರ ತಂದರು. ಬಳೆ ಮಾರುವ ಮುದುಕಿಯೊಬ್ಬಳ ಮನೆಯಿಂದ ಕಳವಾಗಿ ಸಿಕ್ಕಿದ್ದು. ದಾಕ್ಷಾಯಣಿಯೇ ಅದರ ಗಂಟನ್ನು ಒಳಗಿನ ಹಲಗೆಯ ಮೇಲೆ ಇಟ್ಟಳು. ಆಗ ಗುರುಪಾದಪ್ಪ ಹೊಸ್ತಿಲಲ್ಲಿ ನಿಂತು ಹಲ್ಲಿಗೆ ಕಡ್ಡಿ ಹಾಕುತ್ತಿದ್ದ. "ಭಾಳ ಹಳೇ ಬಂಗಾರ ನೋಡವಾ" ಎಂದ. ಅಷ್ಟೇ ಅಂದದ್ದು. ಆದರೆ ಕಡ್ಡಿ ಬಾಯಲ್ಲೇ ನಿಂತುಬಿಟ್ಟಿತ್ತು.

ಎರಡನೇ ಶನಿವಾರ. ಕೋರ್ಟಿಗೆ ರಜೆ. ಮಟಮಟ ಮಧ್ಯಾಹ್ನ ಓಣಿಯಂಥ ಆ ಉದ್ದ ಪಡಸಾಲೆಯಲ್ಲಿ ಚಪ್ಪಲಿಯ ಸಪ್ಪಳ ಕೇಳಿತು. ನನಗೆ ಆ ನಡಿಗೆ ಗೊತ್ತಿತ್ತು. ಗುರುಪಾದಪ್ಪ ಬಂದು ನನ್ನನ್ನು ಒಂದು ಬೆರಳಿನಿಂದ ಪಕ್ಕಕ್ಕೆ ಸರಿಸಿದ, ದಾರಿಗಡ್ಡ ನಿಂತ ಮಗುವನ್ನು ಸರಿಸುವ ಹಾಗೆ. ಸ್ಕ್ರೂಡ್ರೈವರ್ ತೆಗೆದ. ಒಂದೊಂದಾಗಿ ನಾಲ್ಕೂ ಬಿಚ್ಚಿ ಅಂಗಿಯ ಜೇಬಿಗೆ ಹಾಕಿಕೊಂಡ. ಕೊಂಡಿಯ ಸಮೇತ ನಾನು ಬಾಗಿಲಿನಿಂದ ಕಳಚಿ ಜೋಲಾಡಿದೆ. ಕೊಕ್ಕೆ ಬಿಗಿಯಾಗಿಯೇ ಇತ್ತು, ಹೊಟ್ಟೆಯೊಳಗಿನ ಒಂದು ಲಿವರೂ ಅಲ್ಲಾಡಿರಲಿಲ್ಲ. ಅವನು ಒಳಗೆ ಹೋದ, ಬಂದ. ಮತ್ತೆ ನಾಲ್ಕೂ ಸ್ಕ್ರೂ ತಿರುವಿ, ನನ್ನನ್ನು ಕರವಸ್ತ್ರದಿಂದ ಒರೆಸಿ ಹೋದ. ಥೂ! ನನ್ನ ಜನ್ಮದಲ್ಲಿ ಯಾರೂ ನನಗೆ ಹೀಗೆ ಅವಮಾನ ಮಾಡಿರಲಿಲ್ಲ.

ಸೋಮವಾರ ದಾಕ್ಷಾಯಣಿ ಬಂದು ನನ್ನನ್ನು ಜಗ್ಗಿದಳು. ನಾನು ಗಟ್ಟಿಯಾಗಿದ್ದೆ. ಅವಳು ನೆಮ್ಮದಿಯಿಂದ ಟೇಬಲ್ಲಿಗೆ ಹೋದಳು. ತಾಯಿ, ಪಟ್ಟಿ ನೋಡೇ, ಸ್ಕ್ರೂ ತಲೆಯ ಮೇಲೆ ಹೊಸ ಗೀರು ನೋಡೇ ಎಂದು ನನ್ನೊಳಗೇ ಬಡಕೊಂಡೆ.

ಆ ಗೀರೂ ಉಳಿಯಲಿಲ್ಲ. ಜಿಲ್ಲಾ ನ್ಯಾಯಾಧೀಶರು ವರ್ಷಕ್ಕೊಮ್ಮೆ ತಪಾಸಣೆಗೆ ಬರುತ್ತಾರೆ. ಅದಕ್ಕೆ ಮುಂಚೆ ಬಾಗಿಲಿಗೆಲ್ಲ ಹಸಿರು ಬಣ್ಣ ಬಳಿಯುವುದು ನಮ್ಮ ಕೋರ್ಟಿನ ವಾಡಿಕೆ. ಜವಾನ ಮೌಲಾಸಾಬ ಡಬ್ಬಿ ಹಿಡಿದು ಬಂದಾಗ ಗುರುಪಾದಪ್ಪ ಪಕ್ಕದಲ್ಲೇ ನಿಂತಿದ್ದ.

"ಪಟ್ಟಿಗೂ ಹಚ್ಚು ಮೌಲಾ, ದಪ್ಪಗ ಹಚ್ಚು."

"ಕೀಲಿಗೂ ಹಚ್ಚಲೇನ್ರಿ?"

"ಕೀಲಿಗೆ ಬ್ಯಾಡೋ ಮಾರಾಯ. ಅದು ಕಾಣಬೇಕು."

ಬಣ್ಣ ಒಣಗಿತು. ಮಳೆಗಾಲಕ್ಕೆ ಮುದುಕಿಯ ಕೇಸು ತೀರಿ, ಸರವನ್ನು ಒಡತಿಗೆ ವಾಪಸು ಕೊಡಿ ಎಂದು ಆದೇಶವಾಯಿತು. ದಾಕ್ಷಾಯಣಿ ನನ್ನನ್ನು ತೆರೆದು ಒಳಗೆ ಹೋದಳು. ಬಹಳ ಹೊತ್ತಾದರೂ ಹೊರಗೆ ಬರಲಿಲ್ಲ. ಹಲಗೆಯ ಧೂಳಿನಲ್ಲಿ ಗಂಟಿದ್ದ ಜಾಗ ಮಾತ್ರ ಚೌಕಾಗಿ ಉಳಿದಿತ್ತು. ಕೊನೆಗೆ ಬರಿಗೈಯಲ್ಲಿ ಹೊರಗೆ ಬಂದಳು. ಬಾಗಿಲಲ್ಲಿ ಕಾಯುತ್ತಿದ್ದ ಮುದುಕಿ, "ಸಿಗ್ತೇನವ್ವಾ ಮಗಳ?" ಎಂದು ಕೈಚಾಚಿದಳು.

ಪೊಲೀಸರು ಬಂದರು. ನನ್ನ ಬಾಯಿಗೆ ಬ್ಯಾಟರಿ ಬಿಟ್ಟು ನೋಡಿದರು. "ಕೀಲಿ ಒಡದಿಲ್ರಿ, ಬ್ಯಾರೆ ಕೀಲಿಕೈ ಹಾಕಿದ ಗುರುತೂ ಇಲ್ಲ" ಎಂದ ಒಬ್ಬ. ಫೌಜದಾರರು ಅವಳತ್ತ ತಿರುಗಿದರು.

"ಕೀಲಿಕೈ ಯಾರಿಗರ ಕೊಟ್ಟಿದ್ದೇನು?"

"ಇಲ್ರೀ. ಮಲಗುವಾಗೂ ನನ್ನ ಕೊರಳಾಗ ಇರ್ತೈತ್ರಿ."

ಆ ಮಾತು ಮುಗಿಯುವಷ್ಟರಲ್ಲಿ ಸುತ್ತಲಿದ್ದವರು ಒಂದು ಹೆಜ್ಜೆ ಹಿಂದೆ ಸರಿದಿದ್ದರು. ಅವಳ ಕೊರಳಿನಿಂದ ದಾರ ಬಿಚ್ಚಿಸಿಕೊಂಡರು. ನನ್ನನ್ನೂ ಬಾಗಿಲಿನಿಂದ ತೆಗೆದು, ಬಟ್ಟೆಯಲ್ಲಿ ಸುತ್ತಿ, ಗಂಟಿನ ಮೇಲೆ ಅರಗು ಸುರಿದರು. ಬಿಸಿ ಅರಗಿನ ಒಂದು ತೊಟ್ಟು ಬಟ್ಟೆಯಲ್ಲಿ ಇಳಿದು ನನ್ನ ಬಾಯಿಯ ಅಂಚಿಗೆ ಅಂಟಿತು. ಅಷ್ಟು ವರ್ಷ ಮುದ್ದೆಮಾಲು ಕಾದ ನಾನೇ ಮುದ್ದೆಮಾಲಾದೆ.

ನಮ್ಮ ಕೋರ್ಟಿನವರ ಕೇಸು ನಮ್ಮಲ್ಲೇ ನಡೆಯಬಾರದೆಂದು ಪಕ್ಕದ ತಾಲೂಕಿಗೆ ಹಾಕಿದರು. ವಿಚಾರಣೆಯ ದಿನ ಪೊಲೀಸಿನವನು ನನ್ನ ಗಂಟನ್ನು ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕುಳಿತಿದ್ದ. ಪಕ್ಕದಲ್ಲೇ ಅವಳ ವಕೀಲರು ತಗ್ಗಿದ ದನಿಯಲ್ಲಿ ಹೇಳುತ್ತಿದ್ದರು: "ಊಟಕ್ಕ ಹೋಗುವಾಗ ಕೀಲಿಕೈ ಟೇಬಲ್ ಮ್ಯಾಲೆ ಬಿಡ್ತಿದ್ದೆ ಅಂತ ಒಂದು ಮಾತು ಹೇಳವಾ. ಉಳೀತಿ."

"ಬಿಟ್ಟಿಲ್ಲಲ್ರೀ ಸರ್. ಹೆಂಗ ಹೇಳಲಿ?"

"ಹೇಳ ನನ್ನವ್ವ, ನಿನ್ನ ಕಾಲಿಗೆ ಬೀಳ್ತೀನಿ" ಎಂದಳು ಅವರವ್ವ. ಮಗಳು ಒಪ್ಪಲಿಲ್ಲ. ಅಯ್ಯೋ ಹುಚ್ಚಿ! ನನ್ನ ಹಾಗೆಯೇ ಅವಳೂ ಬಗ್ಗದ ಜಾತಿ.

ಒಳಗೆ ಗಂಟು ಬಿಚ್ಚಿದರು. ನ್ಯಾಯಾಧೀಶರು ಕೀಲಿಕೈ ಹಾಕಿ ನೋಡಲು ಹೇಳಿದರು. ನಾನು ಜೀವಮಾನದಲ್ಲಿ ಮೊದಲ ಸಲ ಕೆಡಲು ಪ್ರಯತ್ನಿಸಿದೆ. ಲಿವರುಗಳನ್ನೆಲ್ಲ ಬಿಗಿಹಿಡಿದೆ, ಬಾಯಿಯ ಅರಗನ್ನು ಕಚ್ಚಿಕೊಂಡೆ. ಆದರೆ ದಿಂಡಿಗಲ್ಲಿನ ಮುದುಕನ ಕೈಗುಣ ಎಲ್ಲಿ ಹೋದೀತು? ಟಕ್ಕನೆ ಕೊಕ್ಕೆ ಬಿಟ್ಟೆ. "ಕೀಲಿ ಸುಸ್ಥಿತಿಯಲ್ಲಿದೆ" ಎಂದು ಬರೆಸಿದರು.

ಸರ್ಕಾರಿ ವಕೀಲರು ನನ್ನನ್ನು ಎತ್ತಿ ಹಿಡಿದು ತೋರಿಸುತ್ತಿದ್ದಾಗ ದಾಕ್ಷಾಯಣಿ ನನ್ನ ಖಾಲಿ ಕೊಕ್ಕೆಯನ್ನೇ ದಿಟ್ಟಿಸಿದಳು. ಅವಳ ಕಣ್ಣು ಅಗಲವಾಯಿತು.

"ಸಾಹೇಬ್ರ, ಕೀಲಿ ತಂದೀರಿ. ಕೊಂಡಿ ಎಲ್ಲೈತ್ರಿ? ಕೊಂಡಿಗೆ ಹೊರಗಿಂದ ಸ್ಕ್ರೂ ಅದಾವ್ರಿ!"

ನನ್ನ ಎದೆ ಹಿಗ್ಗಿಬಿಟ್ಟಿತು. ಕೊಂಡಿ ನೋಡಿ ಬರಲು ಒಬ್ಬ ಆಳು ಹೋದ. ಅವನು ತಂದ ಸುದ್ದಿ ಇಷ್ಟೇ: ಪಟ್ಟಿಯ ಮೇಲೆ ದಪ್ಪ ಬಣ್ಣವಿದೆ, ಸ್ಕ್ರೂ ತಲೆಗಳ ಮೇಲೂ ಇದೆ, ಎಲ್ಲಿಯೂ ಬಿರುಕಿಲ್ಲ. ಮೌಲಾಸಾಬನನ್ನು ಕರೆಸಿ ಕೇಳಿದರು. ಪಾಪ, ಅವನು ಇದ್ದದ್ದನ್ನೇ ಹೇಳಿದ: "ವರ್ಷಾ ತಪಾಸಣಿಗೆ ಹಚ್ಚತೀವ್ರಿ. ಈ ವರ್ಷಾನೂ ಹಚ್ಚೇವ್ರಿ." ವರ್ಷವರ್ಷ ನಡೆಯುವ ಕೆಲಸದಲ್ಲಿ ಯಾರಿಗೆ ಏನು ಕಂಡೀತು? ಸಾಕ್ಷಿಗಳ ಬೆಂಚಿನಲ್ಲಿ ಗುರುಪಾದಪ್ಪ ಕೈಕಟ್ಟಿ ಕುಳಿತಿದ್ದ. ಉಂಗುರಗಳನ್ನು ಮನೆಯಲ್ಲಿ ಬಿಚ್ಚಿಟ್ಟು ಬಂದಿದ್ದ.

ದಾಕ್ಷಾಯಣಿಗೆ ಶಿಕ್ಷೆಯಾಯಿತು, ನೌಕರಿ ಹೋಯಿತು. ಮೇಲಿನ ಕೋರ್ಟಿನಲ್ಲಿ ಅಪೀಲು ಹಾಕಿದ್ದಾಳೆ. ಅದು ತೀರುವ ತನಕ ನಾನು ಈ ಊರಿನ ಮುದ್ದೆಮಾಲು ಕೋಣೆಯ ಕೆಳಹಲಗೆಯಲ್ಲಿ, ಒಂದು ರಕ್ತದ ಅಂಗಿಯ ಪಕ್ಕ ಬಿದ್ದಿದ್ದೇನೆ. ಮತ್ತೆ ಬಟ್ಟೆ ಸುತ್ತಿ ಅರಗು ಹಾಕಿದ್ದಾರೆ. ಕೀಲುಗಳಿಗೆ ತುಕ್ಕು ಹತ್ತುತ್ತಿದೆ. ಈಗ ಹತ್ತಿ ಏನು ಬಂತು?

ನಿನ್ನೆ ಬಾಗಿಲ ಹೊರಗೆ ಮಾತು ಕೇಳಿತು. ಈ ಕೋರ್ಟಿಗೆ ಬಡ್ತಿಯ ಮೇಲೆ ಹೊಸ ಶಿರಸ್ತೇದಾರರು ಬಂದಿದ್ದಾರಂತೆ. ಆ ಚಪ್ಪಲಿಯ ಸಪ್ಪಳ ನನಗೆ ಗೊತ್ತಿದ್ದದ್ದೇ. ಜೊತೆಗೆ ಇನ್ನೊಂದು ಎಳೆಯ ದನಿ, ಆಗಷ್ಟೇ ಕೆಲಸಕ್ಕೆ ಸೇರಿದ ಹೆಣ್ಣುಮಗಳದು.

"ಒಳಗ ನೋಡಬೇಕಿತ್ರಿ ಸರ್."

"ಏನ್ ನೋಡ್ತಿ ತಂಗಿ?" ಎಂದ ಗುರುಪಾದಪ್ಪ. "ಕೀಲಿ ಗಟ್ಟಿ ಐತಿ. ಹಾಕು ಸಹಿ."

ಪೆನ್ನು ತೆಗೆದಳೋ ಏನೋ. ಆಮೇಲೆ ಹೊರಗಿನ ಬೀಗವನ್ನು ಯಾರೋ ಜಗ್ಗಿದರು. ನಾಲ್ಕು ಹೆಜ್ಜೆ ದೂರ ಹೋದರು. ತಿರುಗಿ ಬಂದು ಮತ್ತೆ ಜಗ್ಗಿದರು. ಮಗಳೇ, ಬೀಗ ಬಿಡು, ಪಟ್ಟಿ ನೋಡು ಎಂದು ಒಳಗಿನಿಂದ ನಾನು ಒಂದೇ ಸಮನೆ ಕೂಗುತ್ತಿದ್ದೇನೆ. ನನ್ನ ಬಾಯಲ್ಲಿ ಅರಗಿದೆ.