ಅಕ್ಕ ತಂದ ಎಣ್ಣೆ

ಪುನರ್ಪುಳಿ ಸಿಪ್ಪೆಯ ಡಬ್ಬಿಗೆ ಸುತ್ತಿದ್ದ ಪ್ಲಾಸ್ಟಿಕ್ ಚೀಲದ ಗಂಟು ಬಿಚ್ಚುತ್ತಿದ್ದಾಗ ತುಳಸಿಯ ಬಲಭುಜ ಮತ್ತೆ ಹಿಡಿದುಕೊಂಡಿತು. ಅವಳು ಸದ್ದಿಲ್ಲದೆ ಎಡಗೈಗೆ ಕೆಲಸ ದಾಟಿಸಿದಳು. ಹೊರದೇಶದ ಊರಾದ ಪುಚೊಂಗಿನ ಆ ಫ್ಲಾಟಿನ ಹಾಲ್ ತುಂಬ ಅಕ್ಕನ ಸೂಟ್‌ಕೇಸಿನಿಂದ ಹೊರಬಂದ ಊರು ಹರಡಿತ್ತು: ಹಲಸಿನ ಹಪ್ಪಳ, ಸಾರಿನ ಪುಡಿ, ಕುಚ್ಚಲಕ್ಕಿ, ಮಗಳು ಶ್ರೀಯಾಳಿಗೆಂದು ತಂದ ಬೆಳ್ಳಿಗೆಜ್ಜೆ.

ಅಕ್ಕ ಸರೋಜಿನಿ ಸೋಫಾದ ತುದಿಯಲ್ಲಿ ಕೂತು ಅಪ್ಪಣೆ ಕೊಡುತ್ತಿದ್ದಳು. ಅರವತ್ತು ದಾಟಿದ ಮೇಲೆ ಮೊದಲ ಸಲ ಪಾಸ್‌ಪೋರ್ಟ್ ಮಾಡಿಸಿಕೊಂಡು, ಉಡುಪಿಯಿಂದ ಒಬ್ಬಳೇ ಹೊರಟು ಬಂದಿದ್ದಳು. ವಿಮಾನದಲ್ಲಿ ಪಕ್ಕದವನಿಗೆ ಚಕ್ಕುಲಿ ಕೊಟ್ಟ ಕತೆ ಆಗಲೇ ಎರಡು ಬಾರಿ ಆಗಿತ್ತು.

"ಆ ಹಸಿರು ಟವೆಲ್ ಮೆಲ್ಲ ಬಿಡಿಸು ಮಾರಾಯ್ತಿ. ಅದರೊಳಗೆ ನಿನ್ನ ಮದ್ದುಂಟು."

"ನನ್ನ ಮದ್ದಾ? ನಂಗೆಂತ ಆಗಿದೆ?"

"ಎಂತ ಆಗಿದೆ ಅಂತ ನನ್ನ ಹತ್ರ ಕೇಳ್ತಿಯಾ? ಆರು ತಿಂಗಳಿಂದ ವಿಡಿಯೋದಲ್ಲಿ ನೋಡ್ತಾ ಇದ್ದೇನೆ. ಜಡೆ ಹೆಣಿಯುವವಳು ಕ್ಲಿಪ್ಪು ಸಿಕ್ಕಿಸಿಕೊಂಡು ಕೂತುಕೊಳ್ತಿ. ಕೈ ಮೇಲೆ ಹೋಗುದಿಲ್ಲ, ಅಲ್ವಾ?"

ತುಳಸಿ ಎಡಗೈಯಿಂದ ಕ್ಲಿಪ್ಪು ಮುಟ್ಟಿ ನೋಡಿಕೊಂಡಳು. ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಪಾಠ ಮಾಡುವ ಗಂಡ ಜಯಕರನಿಗೂ ಅದು ತಿಳಿದಿರಲಿಲ್ಲ. ಶ್ರೀಯಾ ಅಂತೂ "ನೈಸ್ ಹೇರ್, ಅಮ್ಮಾ" ಎಂದು ಹೇಳಿ ಕ್ಲಿಪ್ಪನ್ನು ಮೆಚ್ಚಿಕೊಂಡಿದ್ದಳು. ಸಮುದ್ರದಾಚೆ, ಅಂಗೈಯಗಲದ ಪರದೆಯಲ್ಲಿ ಒಬ್ಬಳು ಮಾತ್ರ ಕಂಡುಹಿಡಿದಿದ್ದಳು.

ಟವೆಲಿನೊಳಗೆ ತೆಂಗಿನೆಣ್ಣೆಯ ಹಳೆಯ ಪ್ಲಾಸ್ಟಿಕ್ ಬಾಟಲಿ ಇತ್ತು. ಮುಚ್ಚಳಕ್ಕೆ ಟೇಪು, ಟೇಪಿನ ಮೇಲೆ ರಬ್ಬರ್ ಬ್ಯಾಂಡು. ಒಳಗೆ ಕಡುಹಸಿರು ಎಣ್ಣೆ.

"ಅವರದ್ದು ಗಾಜಿನ ಬಾಟ್ಲಿ. ಒಡೆದ್ರೆ ಸೀರೆಯೆಲ್ಲ ಹಾಳು ಅಂತ ನಾನೇ ಇದಕ್ಕೆ ಸುರಿದೆ. ವಿಜಯಾ ಎಣ್ಣೆ ಅಂತೆ, ಅದೇ, ಭಂಗಿ ಸೊಪ್ಪಿನದ್ದು. ಪಂಡಿತರ ಚೀಟಿ ತೋರಿಸಿದ್ರೆ ಅಂಗಡಿಯವ ಕೊಡ್ತಾನೆ. ಅಮಲು ಗಿಮಲು ಎಂತದ್ದೂ ಇಲ್ಲ."

ತುಳಸಿ ಬಾಟಲಿಯನ್ನು ಮಡಿಲಿಗೆ ಇಳಿಸಿದಳು.

ಹತ್ತಿರದ ನಿಲಾಯ್ ಊರಿನ ವಿಶ್ವವಿದ್ಯಾಲಯದಲ್ಲಿ ಹೊರದೇಶದ ವಿದ್ಯಾರ್ಥಿಗಳ ವಿಭಾಗದಲ್ಲಿ ಅವಳಿಗೆ ಕೆಲಸ. ಕರ್ನಾಟಕದಿಂದ ಹೊಸ ಮಕ್ಕಳು ಬಂದಾಗಲೆಲ್ಲ ಅವರನ್ನು ಕೂರಿಸಿಕೊಂಡು ಇಲ್ಲಿಯ ಕಾನೂನು ಹೇಳುವವಳು ಅವಳೇ. ಕಳೆದ ಸಲ ಹುಡುಗನೊಬ್ಬ, ಅಮೆರಿಕದಲ್ಲಿರುವ ತನ್ನ ಚಿಕ್ಕಮ್ಮ ಗಾಂಜಾ ಗಿಡದಿಂದ ತೆಗೆದ ಸಿಬಿಡಿ ಎಣ್ಣೆಯನ್ನು ಅಂಗಡಿಯಿಂದಲೇ ಕೊಳ್ಳುತ್ತಾಳೆ, ಒಂದು ರಾಜ್ಯದಲ್ಲಿ ಗಿಡ ಬೆಳೆಸಲೂಬಹುದು, ಪಕ್ಕದ ರಾಜ್ಯದಲ್ಲಿ ಬೇರೆಯೇ ನಿಯಮ ಎಂದು ವಾದಿಸಿದ್ದ. "ಅಲ್ಲಿಯ ಕಾನೂನು ಅಲ್ಲಿಗೆ ಮಗಾ," ಎಂದಿದ್ದಳು ತುಳಸಿ. "ಇಲ್ಲಿ ಆ ಗಿಡದಿಂದ ತೆಗೆದದ್ದು ಎಣ್ಣೆಯಾಗಲಿ, ಮುಲಾಮಾಗಲಿ, ಸರಕಾರ ಔಷಧಿ ಅಂತ ಒಪ್ಪಿ ನೋಂದಾಯಿಸದಿದ್ದರೆ ಜೈಲು. ಅಜ್ಜಿ ಕೊಟ್ಟದ್ದು ಅಂದರೆ ಯಾರೂ ಬಿಡುವುದಿಲ್ಲ." ಮಕ್ಕಳೆಲ್ಲ ನಕ್ಕಿದ್ದರು.

ಈಗ ಅದು ಅವಳ ಮಡಿಲಲ್ಲೇ ಇತ್ತು.

"ಎಂತ ಹಾಗೆ ನೋಡ್ತಿ? ಬಾ, ಈಗಲೇ ಹಚ್ಚುತ್ತೇನೆ," ಎಂದು ಅಕ್ಕ ಸೆರಗು ಸಿಕ್ಕಿಸಿಕೊಂಡಳು. ವಿಮಾನ ನಿಲ್ದಾಣದ ಪೊಲೀಸರನ್ನೂ ನಾಯಿಗಳನ್ನೂ ದಾಟಿ ಬಂದ ಆ ಮುಖದಲ್ಲಿ ಮಗುವಿನಂಥ ಗೆಲುವಿತ್ತು. ಅದನ್ನು ನೋಡುತ್ತ ತುಳಸಿ ಬಾಟಲಿಯನ್ನು ಮತ್ತೆ ಟವೆಲಿನಲ್ಲಿ ಸುತ್ತಿದಳು.

"ಸ್ನಾನ ಆಗಲಿ ಅಕ್ಕ. ನೀನೂ ಊಟ ಮಾಡಿ ಸ್ವಲ್ಪ ಮಲಗು."

ಅಕ್ಕ ಮಲಗಿದ ಮೇಲೆ ತುಳಸಿ ಅಡುಗೆಮನೆಯ ಬಾಗಿಲು ಮುಂದೆ ಮಾಡಿದಳು. ಎಣ್ಣೆಯನ್ನು ಹಳೆಯ ಪೇಪರಿನ ಉಂಡೆಗಳಿಗೆ ಹೀರಿಸಿ, ಕಸದ ಚೀಲಕ್ಕೆ ಹಾಕಿ, ಕೆಳಗಿನ ದೊಡ್ಡ ತೊಟ್ಟಿಗೆ ತಾನೇ ಒಯ್ದು ಹಾಕಿ ಬಂದಳು. ಬಾಟಲಿಯನ್ನು ಬಿಸಿನೀರು, ಸೋಪು ಹಾಕಿ ತೊಳೆದಳು. ಆಮೇಲೆ ಬಾಲ್ಕನಿಯ ಕುಂಡದಿಂದ ದೊಡ್ಡಪತ್ರೆಯ ಎಲೆಗಳನ್ನೆಲ್ಲ ಕಿತ್ತು, ಕೆಳಗಿನ ತಮಿಳರ ಅಂಗಡಿಯಿಂದ ತಂದಿದ್ದ ಎಳ್ಳೆಣ್ಣೆಯಲ್ಲಿ ಕಾಯಿಸಿದಳು. ಎಣ್ಣೆ ಹಸಿರಾಗುವವರೆಗೆ ಸೌಟಾಡಿಸಿ, ಆರಿಸಿ ಅದೇ ಬಾಟಲಿಗೆ ತುಂಬುತ್ತ, ಇಷ್ಟು ಪ್ರೀತಿಯಿಂದ ತಾನು ಯಾರಿಗೂ ಮೋಸ ಮಾಡಿರಲಿಲ್ಲ ಎಂದುಕೊಂಡಳು.

ಸಂಜೆ ಅಕ್ಕ ಬಾಲ್ಕನಿಯಲ್ಲಿ ನಿಂತು ಕೇಳಿದಳು: "ಈ ಗಿಡ ಯಾಕೆ ಬೋಳಾಗಿದೆ? ಇಲ್ಲಿಯೂ ಹುಳದ ಕಾಟವಾ?"

"ಹೌದಕ್ಕ. ದೊಡ್ಡ ಹುಳ."

ಅಂದಿನಿಂದ ದಿನವೂ ತುಳಸಿ ಕೆಲಸದಿಂದ ಬಂದೊಡನೆ ಅಕ್ಕ ಅವಳನ್ನು ನೆಲದ ಮೇಲೆ ಕೂರಿಸಿಕೊಳ್ಳುತ್ತಿದ್ದಳು. ಹೆಬ್ಬೆರಳು ಭುಜದ ಹಿಂದೆ ಒತ್ತುತ್ತ ಹೋಗಿ, ನೋವಿನ ಗಂಟು ಸಿಕ್ಕಲ್ಲಿ ನಿಂತು ಕಾಯುತ್ತಿತ್ತು. ಬಾಯಿ ಮಾತ್ರ ನಿಲ್ಲುತ್ತಿರಲಿಲ್ಲ. ಆಮೇಲೆ ಕ್ಲಿಪ್ಪು ತೆಗೆದು, ಕೂದಲು ಬಾಚಿ, ಬಿಗಿಯಾಗಿ ಜಡೆ ಹೆಣೆಯುತ್ತಿದ್ದಳು. ಶಾಲೆಗೆ ಹೊರಡುವ ಹುಡುಗಿಗೆ ಹೆಣೆದಂತೆ. ಐವತ್ತರ ತಲೆ ಹಿಂದಕ್ಕೆ ಎಳೆದೆಳೆದು ಹೋಗುತ್ತಿತ್ತು. ಮನೆಯಲ್ಲಿ ಎಲ್ಲರ ಬೇನೆ ಕೇಳಿಕೊಂಡೇ ಇಷ್ಟು ವರ್ಷ ಕಳೆದ ತುಳಸಿಗೆ, ತನ್ನ ಮೈಯನ್ನು ಹೀಗೆ ಇನ್ನೊಬ್ಬರ ಕೈಗೆ ಒಪ್ಪಿಸಿ ಕೂರುವ ಸುಖ ಮರೆತೇಹೋಗಿತ್ತು. ಕಣ್ಣು ಒದ್ದೆಯಾದರೆ, "ನೋಯ್ತದಾ?" ಎಂದು ಅಕ್ಕ ಕೇಳುವಳು. "ಸ್ವಲ್ಪ" ಎನ್ನುವಳು.

ಹದಿನೈದು ದಿನ ಕಳೆಯುವುದರೊಳಗೆ ಕೈ ಕಿವಿಯವರೆಗೆ ಏರಿತು. ಜಯಕರ ಕೂಡ ಬೆರಗಾದ. "ಅಕ್ಕ, ನಮ್ಮ ಕಾಲೇಜಿಗೆ ಬಂದು ಒಂದು ಕ್ಲಾಸ್ ತಗೊಳ್ಳಿ," ಎಂದ.

"ಸಂಬಳ ಎಷ್ಟು ಕೊಡ್ತೀರಿ ಭಾವ, ಅದು ಮೊದಲು ಹೇಳಿ," ಎಂದಳು ಅಕ್ಕ.

ಆದರೆ ಎಣ್ಣೆ ಗುಣ ಕೊಟ್ಟದ್ದೇ ತೊಂದರೆಯಾಯಿತು. ಒಂದು ಭಾನುವಾರ ತುಳಸಿ ಬಟ್ಟೆ ಮಡಚುತ್ತಿದ್ದಾಗ ಅಕ್ಕ ಊರಿಗೆ ಫೋನಿನಲ್ಲಿ ಮಾತಾಡುವುದು ಕೇಳಿಸಿತು.

"ವಂದನಾ, ನಿನ್ನ ಮಗಳು ನಾಡಿದ್ದು ಹೊರಡುದಲ್ವಾ? ಅವಳ ಬ್ಯಾಗಲ್ಲಿ ಎರಡು ಬಾಟ್ಲಿ ಎಣ್ಣೆಗೆ ಜಾಗ ಇಡು. ಪಂಡಿತರ ಚೀಟಿ ನಮ್ಮ ದೇವರ ಕೋಣೆಯಲ್ಲುಂಟು. ಗಾಜಿಂದ ಪ್ಲಾಸ್ಟಿಕ್ಕಿಗೆ ಹಾಕ್ಲಿಕ್ಕೆ ಮರೀಬೇಡ."

ವಂದನಾ ಅಕ್ಕನ ನೆರೆಮನೆಯವಳು. ಅವಳ ಮಗಳು ಅಪೇಕ್ಷಾ ನಿಲಾಯ್‌ಗೇ ಓದಲು ಬರುವವಳು. ಊರಿಂದ ಯಾರು ಹೊರಟರೂ ಅವರ ಚೀಲದಲ್ಲಿ ಇನ್ನೊಬ್ಬರ ಮನೆಯ ಪೊಟ್ಟಣ ಇದ್ದೇ ಇರುತ್ತದೆ. ಏನಿದೆ ಎಂದು ಬಿಚ್ಚಿ ನೋಡುವುದೇ ಅವಮಾನ. ಹದಿನೆಂಟರ ಆ ಹುಡುಗಿಯೂ ಬಿಚ್ಚಿ ನೋಡುವುದಿಲ್ಲ.

ತುಳಸಿ ಓಡಿಬಂದು ಫೋನ್ ಕಸಿದುಕೊಂಡಳು. "ವಂದನಾ, ನಾನು ತುಳಸಿ. ಎಣ್ಣೆ ಬೇಡ. ಅಕ್ಕ ಹೇಳಿದ್ದೂ ಬೇಡ, ಬೇರೆ ಯಾರು ಕೊಟ್ಟದ್ದೂ ಬೇಡ. ಅಪೇಕ್ಷಾ ತನ್ನ ಬ್ಯಾಗನ್ನು ತಾನೇ ತುಂಬಲಿ. ಸಂಜೆ ಅವಳ ಹತ್ರ ನಾನೇ ಮಾತಾಡ್ತೇನೆ."

ಫೋನ್ ಇಟ್ಟಾಗ ಅಕ್ಕನ ಮುಖ ಬಿಗಿದಿತ್ತು. "ನನ್ನ ಮರ್ಯಾದೆ ತೆಗೆದಿಯಲ್ಲ!"

ಇನ್ನು ಹೇಳದೆ ಇರುವಂತಿರಲಿಲ್ಲ. ತುಳಸಿ ಪಕ್ಕದಲ್ಲಿ ಕೂತು, ಮಕ್ಕಳಿಗೆ ಹೇಳುವುದನ್ನೆಲ್ಲ ಮೆಲ್ಲಗೆ ಹೇಳಿದಳು. ಊರಲ್ಲಿ ಅಂಗಡಿಯಲ್ಲಿ ಸಿಗುವುದು ಇಲ್ಲಿ ಗಾಂಜಾ ಲೆಕ್ಕ. ಸಿಕ್ಕಿಬಿದ್ದರೆ ಹುಡುಗಿಯ ಓದು ಹೋಯಿತು, ಊರು ಹೋಯಿತು, ಜೈಲು.

ಅಕ್ಕ ಸೂಟ್‌ಕೇಸಿನ ಕಡೆ ನೋಡಿದಳು. "ನಾನು... ನಾನು ಅದನ್ನು ಇಟ್ಟುಕೊಂಡು ಪೊಲೀಸಿನವನಿಗೆ ನಮಸ್ಕಾರ ಮಾಡಿದೆನಲ್ಲೆ!" ಆಮೇಲೆ ಸಣ್ಣ ದನಿಯಲ್ಲಿ ಹೇಳಿದಳು: "ನಿಮ್ಮನ್ನೆಲ್ಲ ಹಾಳು ಮಾಡ್ತಿದ್ದೆ. ನಂಗೆ ಟಿಕೆಟ್ ಮಾಡಿಸು ತುಳಸಿ. ತಿಳಿವಳಿಕೆ ಇಲ್ಲದವಳು ಮನೆಯಲ್ಲೇ ಇರಬೇಕು. ನಾನಿನ್ನು ಎಲ್ಲಿಗೂ ಬರುದಿಲ್ಲ."

ಇಡೀ ಆಕಾಶ ದಾಟಿ ಬಂದವಳು ಒಂದು ಗಳಿಗೆಯಲ್ಲಿ ಮುದುಕಿಯಾಗಿ ಕುಗ್ಗಿ ಕೂತಿದ್ದಳು. ತುಳಸಿ ಎದ್ದು ಬಾಟಲಿ ತಂದು, ಮುಚ್ಚಳ ತೆಗೆದು ಅಕ್ಕನ ಮೂಗಿಗೆ ಹಿಡಿದಳು.

"ಸರಿಯಾಗಿ ಮೂಸಿ ನೋಡು. ಇದರಲ್ಲಿ ಭಂಗಿ ಎಲ್ಲುಂಟು?"

ಅಕ್ಕ ಮೂಸಿದಳು. ಹುಬ್ಬು ಗಂಟಾಯಿತು. ಮತ್ತೆ ಮೂಸಿದಳು. "ಹೌದಲ್ಲ ಮಾರಾಯ್ತಿ! ಇದು ದೊಡ್ಡಪತ್ರೆ!"

"ದೊಡ್ಡಪತ್ರೆಯೇ. ನೀನು ಯಾವ ತಪ್ಪೂ ಮಾಡ್ಲಿಲ್ಲ."

"ಅಯ್ಯೋ ಆ ಅಂಗಡಿಯವನ ಮನೆ ಹಾಳಾಗ! ಹಿತ್ತಲಲ್ಲಿ ದನ ತಿನ್ನುವ ಸೊಪ್ಪನ್ನು ವಿಜಯಾ ಅಂತ ಮಾರಿದ್ನಾ?" ಅಕ್ಕನ ಬೆನ್ನು ನೆಟ್ಟಗಾಯಿತು, ಕೆನ್ನೆಗೆ ರಕ್ತ ಮರಳಿತು. "ಹಾಗಾದ್ರೆ ನಿನ್ನ ನೋವು ಹೋದದ್ದು ಹೇಗೆ?"

"ನಿನ್ನ ಕೈಯಿಂದ."

ಅಕ್ಕ ತನ್ನ ಅಂಗೈಗಳನ್ನು ಹೊಸದೆಂಬಂತೆ ತಿರುಗಿಸಿ ನೋಡಿಕೊಂಡಳು. "ಕೂತುಕೋ," ಎಂದಳು. ಜಡೆ ಹೆಣೆಯುತ್ತ, ಊರಿಗೆ ಹೋದ ಕೂಡಲೇ ಅಂಗಡಿಯವನ ಎದುರು ನಿಂತು ಏನೇನು ಹೇಳಬೇಕೆಂದು ಒಂದೊಂದಾಗಿ ಹೇಳತೊಡಗಿದಳು. ಬಯ್ಗುಳ ಏರಿದಂತೆ ಜಡೆಯೂ ಬಿಗಿಯಾಯಿತು. "ಮುಂದಿನ ಸಲ ಬರುವಾಗ ಆ ಕತೆ ಹೇಳ್ತೇನೆ, ನೋಡು."

ಮುಂದಿನ ಸಲ. ಆ ಎರಡು ಪದಗಳಿಗೆ ತುಳಸಿಯ ಎದೆ ಹಗುರಾಯಿತು.

ಬಾಲ್ಕನಿಯ ಕುಂಡದಲ್ಲಿ ಹೊಸ ಚಿಗುರು ಮೂಡಿತ್ತು. ತುಳಸಿ ಅದನ್ನು ನೋಡುತ್ತ, ಉಡುಪಿಯ ಆ ಮುಖ ಕಾಣದ ಅಂಗಡಿಯವನನ್ನು ನೆನೆದಳು. ಪಾಪ, ಸರಿಯಾದ ಚೀಟಿಗೆ ಸರಿಯಾದ ಎಣ್ಣೆ ಕೊಟ್ಟವನು. ಅವನಿಗೊಂದು ಮಾತು ಮುಂಚಿತವಾಗಿ ತಿಳಿಸಬಹುದಿತ್ತು. ಜಯಕರನಿಗಾದರೂ ಹೇಳಿ ನಗಬಹುದಿತ್ತು.

ಇಲ್ಲ, ಆ ಅಂಗಡಿಯವನು ಬೈಸಿಕೊಳ್ಳಲಿ, ಎಂದು ಅವಳು ನಿರ್ಧರಿಸಿದಳು. ತಲೆಯನ್ನು ಇನ್ನಷ್ಟು ಹಿಂದಕ್ಕೆ, ಅಕ್ಕನ ಕೈಗೆ ಬಿಟ್ಟಳು.