ಒಂದೇ ಸಂಜೆಗೆ ಕರಗಿದ ನಾಲ್ಕು ದಿನ

ಅಮ್ಮನನ್ನು ಮಲಗಿಸಿದ ಮೇಲೆ ಒಂದು ಬೇಸಿನ್ ಬಿಸಿನೀರಿಗೆ ಹಿಡಿ ಕಲ್ಲುಪ್ಪು ಹಾಕಿ, ಕಾಲು ಇಳಿಬಿಟ್ಟು, ದೀಪ ಆರಿಸಿ ಮೊಂಬತ್ತಿ ಹಚ್ಚಿಕೊಂಡು ಕೂತಳೆಂದರೆ ಲೋನೆ ಆ ಅರ್ಧ ಗಂಟೆ ಯಾರ ಮಗಳೂ ಅಲ್ಲ, ಯಾರ ತಂಗಿಯೂ ಅಲ್ಲ. ಐವತ್ತೆಂಟರ ಹೆಂಗಸು ತನ್ನ ಕಾಲು ತಾನು ನೆನೆಸಿಕೊಂಡರೆ ಯಾರ ಗಂಟು ಹೋಗುತ್ತದೆ ಹೇಳಿ. ಉತ್ತರದ ಚಳಿನಾಡಿನ ಸ್ವೆಂಡ್‌ಬೋರ್ಗ್‌ನಲ್ಲಿ ಡಿಸೆಂಬರ್ ಬಂತೆಂದರೆ ಮಧ್ಯಾಹ್ನದ ಕಾಫಿ ಲೋಟ ತೊಳೆದಿಡುವಷ್ಟರಲ್ಲಿ ಕತ್ತಲು. ಅಷ್ಟು ಬೆಳಕೂ ಅಷ್ಟು ಬಿಸಿಯೂ ಬೇಕೇ ಬೇಕು.

ಆ ಗುರುವಾರ, ಹನ್ನೊಂದನೇ ತಾರೀಕು, ನೋಡಿದರೆ ಮನೆಯಲ್ಲಿ ಮೊಂಬತ್ತಿ ಮುಗಿದಿತ್ತು. ಅಮ್ಮನೊಬ್ಬಳನ್ನೇ ಬಿಟ್ಟು ಅಂಗಡಿಗೆ ಹೋಗುವ ಹಾಗಿರಲಿಲ್ಲ.

ಮುಗಿದಿತ್ತು ಅಂದರೆ, ಒಂದಿತ್ತು. ಊಟದ ಮೇಜಿನ ಮೇಲಿನ ಅಮ್ಮನ ಡಿಸೆಂಬರ್ ಮೊಂಬತ್ತಿ. ಮೇಲಿಂದ ಕೆಳಗೆ ಒಂದರಿಂದ ಇಪ್ಪತ್ತನಾಲ್ಕರವರೆಗೆ ಅಂಕಿ. ದಿನಾ ಸಂಜೆ ಒಂದಂಕಿ ಕರಗುವಷ್ಟೇ ಉರಿಸಿ ಊದಿಬಿಡಬೇಕು, ಕೊನೆಯದು ಕರಗಿದ ದಿನ ಕ್ರಿಸ್‌ಮಸ್ ಹಬ್ಬ. ನಾಳೆಯದನ್ನು ಇವತ್ತು ಮುಟ್ಟಬಾರದು. ಲೋನೆ ಚಿಕ್ಕವಳಿದ್ದಾಗ ಊದಲು ಮರೆತು ಎರಡು ದಿನ ಕರಗಿಸಿಬಿಟ್ಟಿದ್ದಳು. ಅಮ್ಮ ಇಂಗೆಲಿಸೆ ಮಾರನೇ ಸಂಜೆ ಎಲ್ಲರನ್ನೂ ಕತ್ತಲಲ್ಲೇ ಮೇಜಿನ ಸುತ್ತ ಕೂರಿಸಿ, "ಇವತ್ತಿಂದು ನಿನ್ನೆನೇ ತಿಂದಾಯ್ತು" ಅಂದಿದ್ದಳು.

ಈಗ ಇಂಗೆಲಿಸೆಗೆ ಎಂಬತ್ತನಾಲ್ಕು. ನೆನಪು ತೂತು ಬಿದ್ದ ಜೇಬಿನ ಹಾಗಾಗಿತ್ತು. ಗೋಡೆಯ ಕ್ಯಾಲೆಂಡರ್ ಅವಳ ಪಾಲಿಗೆ ಬರೀ ಗೀಟು. ಮೊಂಬತ್ತಿ ಮಾತ್ರ ಅರ್ಥವಾಗುತ್ತಿತ್ತು. ಬೆಳಿಗ್ಗೆ ಎದ್ದವಳೇ ಅದರ ತುದಿಯ ಅಂಕಿಯನ್ನು ಹೆಬ್ಬೆರಳಲ್ಲಿ ಸವರಿ ತಾರೀಕು ಹೇಳುತ್ತಿದ್ದಳು. "ನನ್ನ ತಲೆ ಹೋಗಿರಬಹುದು ಕಣೆ, ಇದರ ತಲೆ ಹೋಗಿಲ್ಲ" ಎಂದು ನಗುತ್ತಿದ್ದಳು. ಹದಿನಾಲ್ಕನೇ ತಾರೀಕು ಭಾನುವಾರ ಮಗ ಟೋರ್ಬೆನ್ ಆಲ್ಬೋರ್ಗ್‌ನಿಂದ ಬರುವವನಿದ್ದ. ಯಾಕೆ ಬರುತ್ತಾನೆಂಬುದೂ ಅವಳಿಗೆ ಗೊತ್ತಿತ್ತು. ಅಮ್ಮನನ್ನು ಇನ್ನು ಮನೆಯಲ್ಲಿ ಇಟ್ಟುಕೊಳ್ಳಬಹುದೋ, ವೃದ್ಧಾಶ್ರಮಕ್ಕೆ ಹೆಸರು ಕೊಡಬೇಕೋ, ಕಣ್ಣಾರೆ ನೋಡಿ ತೀರ್ಮಾನ ಮಾಡೋಣ ಅಂದಿದ್ದ. "ಅವನ ಮುಂದೆ ತಪ್ಪು ಮಾತಾಡಲ್ಲ, ನೋಡ್ತಿರು" ಎನ್ನುತ್ತಿದ್ದಳು ಇಂಗೆಲಿಸೆ.

ಗುರುವಾರ ಇಡೀ ದಿನ ಅವಳು ಕೇಳಿದ್ದನ್ನೇ ಕೇಳಿ, ಕಾಫಿ ಚೆಲ್ಲಿ, ಅಂಗಿ ತೊಡಿಸಲು ಹೋದ ಲೋನೆಯ ಕೈ ಚಿವುಟಿ ಸಾಕುಸಾಕು ಮಾಡಿದ್ದಳು. ಊಟವಾದ ಕೂಡಲೇ ಲೋನೆ ಅವಳನ್ನು ಹಾಸಿಗೆಗೆ ಕರೆದೊಯ್ದಳು.

"ಮೊಂಬತ್ತಿ ಹಚ್ಚಲಿಲ್ವಲ್ಲೇ?"

"ಹಚ್ಚಿ ಆಯ್ತಲ್ಲಮ್ಮ. ಮರೆತುಬಿಟ್ಟೆಯಾ?"

ಅಮ್ಮ ಹೊದಿಕೆ ಎಳೆದುಕೊಂಡಳು. ಇಷ್ಟು ಸುಲಭವೇ ಅನ್ನಿಸಿತು ಲೋನೆಗೆ. ಅನ್ನಿಸಿದ್ದಕ್ಕೆ ಸ್ವಲ್ಪ ನಾಚಿಕೆಯೂ ಆಯಿತು, ಆದರೂ ಮೊಂಬತ್ತಿ ಎತ್ತಿಕೊಂಡು ಹೋಗಿ ಬೇಸಿನ್ ಪಕ್ಕ ಹಚ್ಚಿದಳು. ಒಂದಂಕಿ ಕರಗಿದ ಕೂಡಲೇ ಊದಿದರಾಯಿತು ಅಂದುಕೊಂಡು ಕುರ್ಚಿಗೆ ಒರಗಿದವಳಿಗೆ ಗೊರಕೆ ಬಂದದ್ದೂ ತಿಳಿಯಲಿಲ್ಲ. ಎಚ್ಚರವಾದಾಗ ನೀರು ತಣ್ಣಗೆ ಕೊರೆಯುತ್ತಿತ್ತು. ಮೊಂಬತ್ತಿ ಹದಿನಾಲ್ಕನ್ನೂ ನುಂಗಿ ಹದಿನೈದರ ಹತ್ತಿರ ಬಂದಿತ್ತು. ಊದಿ, ಮೇಜಿನ ಮೇಲಿಟ್ಟು, ಬೆಳಿಗ್ಗೆ ಹೇಗಾದರೂ ಹೇಳೋಣ ಅಂತ ಮಲಗಿದಳು.

ಬೆಳಿಗ್ಗೆ ಅವಳಿಗಿಂತ ಮೊದಲೇ ಇಂಗೆಲಿಸೆ ಮೇಜಿನ ಹತ್ತಿರ ನಿಂತಿದ್ದಳು.

"ಹದಿನೈದು" ಅಂದಳು. "ಭಾನುವಾರ ಕಳೀತಾ? ಟೋರ್ಬೆನ್ ಬರಲೇ ಇಲ್ವಾ?"

ಒಂದು ಮಾತು ಸಾಕಿತ್ತು. ಅಮ್ಮ, ನಾನು ನಿನ್ನ ಮೊಂಬತ್ತಿ ಕದ್ದೆ, ನಿದ್ದೆ ಹೋದೆ. ಆದರೆ ನಿನ್ನೆ ಹಚ್ಚಿ ಆಯ್ತೆಂದು ಸುಳ್ಳು ಹೇಳಿದ್ದನ್ನೂ, ಕಾಲು ನೆನೆಸಿಕೊಳ್ಳುವ ಆಸೆಗೆ ಅವಳನ್ನು ಬೇಗ ಹಾಸಿಗೆಗೆ ತಳ್ಳಿದ್ದನ್ನೂ ಜೊತೆಗೇ ಹೇಳಬೇಕಿತ್ತು. ಲೋನೆಯ ನಾಲಿಗೆ ಸುಲಭದ ದಾರಿ ಹಿಡಿಯಿತು.

"ಬಂದಿದ್ನಲ್ಲಮ್ಮ, ನಿನ್ನೆ. ನೆನಪಿಲ್ವಾ?"

ಇಂಗೆಲಿಸೆ ಕುರ್ಚಿ ಹಿಡಿದುಕೊಂಡು ಕೂತಳು. "ಏನು ಹಾಕ್ಕೊಂಡಿದ್ದ?" ಅಂತ ಕೇಳಿದಳು.

ಒಂದು ಸುಳ್ಳಿಗೆ ಹತ್ತು ಸುಳ್ಳಿನ ತೇಪೆ. ಬೂದು ಸ್ವೆಟರ್ ಅಂದಳು ಲೋನೆ. ಗುಳಿ ಬಾಣಲೆಯಲ್ಲಿ ಎಬ್ಲೆಸ್ಕಿವರ್ ಸುಟ್ಟಿದ್ದೆ, ಐದು ತಿಂದ, ಜಾಮು ಹುಳಿ ಅಂದ. ಹೇಳುತ್ತ ಹೇಳುತ್ತ ತನ್ನ ಬಾಯಿ ತನಗೇ ಅಸಹ್ಯವಾಯಿತು.

ಲೋನೆ ಮೊಂಬತ್ತಿಯನ್ನು ಕಪಾಟಿನ ಮೂಲೆಗೆ ಸರಿಸಿಟ್ಟಳು. ಅವತ್ತಿನಿಂದ ಇಂಗೆಲಿಸೆ ಅದರ ಕಡೆ ತಿರುಗಿಯೂ ನೋಡಲಿಲ್ಲ. ನಾನು ಊಟ ಮಾಡಿದ್ನಾ, ಬಚ್ಚಲಿಗೆ ಹೋಗಿದ್ನಾ, ಈ ಲೋಟ ನಂದಾ ಎಂದು ಪ್ರತಿಯೊಂದಕ್ಕೂ ಮಗಳ ಮುಖ ನೋಡುತ್ತಿದ್ದಳು. ಚಿವುಟುವುದನ್ನೂ ಬಿಟ್ಟಳು. ಶನಿವಾರ ಕಿಟಕಿಯ ಕಡೆ ತಿರುಗಿಕೊಂಡು ಏನೋ ಗೊಣಗುತ್ತಿದ್ದಳು. ಲೋನೆ ಹತ್ತಿರ ಹೋಗಿ ಕಿವಿಗೊಟ್ಟಳು. "ಬೂದು ಸ್ವೆಟರ್. ಐದು. ಜಾಮು ಹುಳಿ." ಉರು ಹೊಡೆಯುತ್ತಿದ್ದಳು.

ಲೋನೆ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು ಅತ್ತಳು. ಅತ್ತಳೇ ಹೊರತು ಹೊರಗೆ ಬಂದು ನಿಜ ಹೇಳಲಿಲ್ಲ, ಅದನ್ನೂ ಹೇಳಿಬಿಡಬೇಕು.

ಭಾನುವಾರ ಟೋರ್ಬೆನ್ ಕೆಂಪು ಕೋಟು ಹಾಕಿಕೊಂಡು ಬಂದ. ಇಂಗೆಲಿಸೆ ತಲೆ ಬಾಚಿಕೊಂಡು ನೆಟ್ಟಗೆ ಕೂತಿದ್ದಳು.

"ಮತ್ತೆ ಬಂದೆಯಾ ಮಗಾ? ಮೊನ್ನೆ ಬೂದು ಸ್ವೆಟರ್ ಹಾಕ್ಕೊಂಡಿದ್ದೆ. ಐದು ಎಬ್ಲೆಸ್ಕಿವರ್ ತಿಂದು ಜಾಮು ಹುಳಿ ಅಂದೆ. ನೋಡು, ನಂಗೆ ಎಲ್ಲಾ ನೆನಪಿದೆ." ಸರಿಯಾಗಿ ಒಪ್ಪಿಸಿದೆನಾ ಎಂಬಂತೆ ಲೋನೆಯನ್ನು ನೋಡಿದಳು.

ಟೋರ್ಬೆನ್ ತಂಗಿಯನ್ನು ಅಡುಗೆಮನೆಗೆ ಕರೆದ. "ನಾನು ಬೇಸಿಗೆಯಿಂದ ಈ ಮನೆ ಮೆಟ್ಟಿಲು ಹತ್ತಿಲ್ಲ. ಇಲ್ಲದ್ದನ್ನ ಕಟ್ಟಿ ಹೇಳೋ ಮಟ್ಟಕ್ಕೆ ಬಂದಿದಾಳೆ. ಇಷ್ಟಾಗಿದೆ ಅಂತ ನಂಗ್ಯಾಕೆ ಹೇಳಲಿಲ್ಲ ನೀನು? ನಾಳೆನೇ ಹೆಸರು ಕೊಡ್ತೀನಿ. ನಿನಗೂ ಸ್ವಲ್ಪ ಉಸಿರಾಡೋಕೆ ಆಗುತ್ತೆ."

ಲೋನೆ ಕಾಫಿ ಒಲೆಗಿಟ್ಟಳು. ಸುಮ್ಮನಿದ್ದರೆ ಸಾಕಿತ್ತು. ಸಂಜೆಗಳೆಲ್ಲ ಅವಳವೇ. ಬೇಸಿನ್, ಉಪ್ಪು, ಡಬ್ಬಿ ತುಂಬ ಮೊಂಬತ್ತಿ. ಆ ಆಸೆ ಅವಳ ಮನಸ್ಸಿನಲ್ಲಿ ಬಂದು ಕೂತದ್ದು ನಿಜ, ಕಾಫಿ ಕುದಿದು ಉಕ್ಕುವಷ್ಟು ಹೊತ್ತು ಕೂತದ್ದೂ ನಿಜ.

"ಅಣ್ಣ," ಅಂದಳು, "ಕಟ್ಟಿ ಹೇಳಿದ್ದು ಅವಳಲ್ಲ. ನಾನು."

ಅವನಿಗೆ ಹೇಳಿದರೆ ಸಾಲದೆಂದು ಗೊತ್ತಿತ್ತು. ಹೊರಗೆ ಬಂದು ಅಮ್ಮನ ಮುಂದೆ ನೆಲದ ಮೇಲೆ ಕೂತು, ಮೊಂಬತ್ತಿ ಕದ್ದದ್ದರಿಂದ ಹಿಡಿದು ಹುಳಿ ಜಾಮಿನವರೆಗೆ ಒಂದೂ ಬಿಡದೆ ಹೇಳಿದಳು. ತಲೆ ಎತ್ತಲಾಗಲಿಲ್ಲ. ಅಮ್ಮನ ಚಪ್ಪಲಿಯನ್ನೇ ನೋಡುತ್ತ ಹೇಳಿದಳು. ಬಾಗಿಲಲ್ಲಿ ನಿಂತ ಟೋರ್ಬೆನ್ ಕೋಟು ಬಿಚ್ಚಿ ಕುರ್ಚಿಗೆ ಹಾಕಿದ.

"ಹಾಗಾದ್ರೆ ಇವನು ಬಂದಿರಲಿಲ್ಲ" ಅಂದಳು ಇಂಗೆಲಿಸೆ.

"ಬಂದಿರಲಿಲ್ಲ ಅಮ್ಮ."

"ನಾನು ಮರೆತಿರಲಿಲ್ಲ."

"ಮರೆತಿರಲಿಲ್ಲ."

ಇಂಗೆಲಿಸೆ ಎದ್ದು ಕಪಾಟಿನ ಮೂಲೆಯಲ್ಲಿದ್ದ ಮೊಂಬತ್ತಿ ತಂದು ಮೇಜಿನ ಮೇಲಿಟ್ಟಳು. ಹೆಬ್ಬೆರಳಲ್ಲಿ ತುದಿ ಸವರಿದಳು. ಹೊರಗೆ ಆಗಲೇ ಕತ್ತಲು ಕವಿಯುತ್ತಿತ್ತು. ಟೋರ್ಬೆನ್ ಕಡ್ಡಿಪೆಟ್ಟಿಗೆ ಹುಡುಕಿದ.

"ಬೇಡ ಕಣೋ. ಇವತ್ತಿಂದು ಉರಿದಾಯ್ತು. ಹಚ್ಚೋದು ನಾಳೆ."

ಮೂವರೂ ದೀಪ ಹಾಕದೆ ಮೇಜಿನ ಸುತ್ತ ಕೂತರು. ಲೋನೆ ಬೈಗುಳಕ್ಕೆ ಕಾದಳು. ಬೈದುಬಿಟ್ಟರೆ, ಒಂದು ಏಟು ಕೊಟ್ಟುಬಿಟ್ಟರೆ ಎಷ್ಟೋ ವಾಸಿ ಎನ್ನಿಸುತ್ತಿತ್ತು. ಕತ್ತಲಲ್ಲಿ ಅಮ್ಮನ ಕೈ ಅವಳ ಮೊಣಕಾಲು ತಡವಿ ಹುಡುಕಿ ಹಿಡಿಯಿತು.

"ನೀರು ಬಿಸಿಯಾಗಿತ್ತೇನೇ?" ಅಂದಳು ಇಂಗೆಲಿಸೆ. "ಕಾಲಿಗೆ ಹಿತವಾಯ್ತಾ?"