ಡಗ್ಲಸ್ ಕಾಪ್ಲಿಯ ಹೆಣ

ಮಾರ್ಜರಿ ಪೆಲ್ ಬರೆದ ಮೂವತ್ತೊಂದು ಪತ್ತೇದಾರಿ ಕಾದಂಬರಿಗಳನ್ನೂ ಟೈಪ್ ಮಾಡಿದವಳು ನಾನು. ಗಂಡ ಬಿಟ್ಟುಹೋದ ವರ್ಷ ಅವಳು ಅಡುಗೆಮನೆಯ ಮೇಜಿನ ಮೇಲೆ ಮೊದಲನೆಯದನ್ನು ಬರೆದಳು, ಆಮೇಲೆ ವರ್ಷಕ್ಕೊಂದು. ಲಂಡನ್ನಿನ ವಿಮರ್ಶಕರು ಮೂಗು ಮುರಿದರು. ನಮ್ಮ ಕಡಲತೀರದ ಊರು ವಿಟ್ಬಿಯ ಮೀನುಗಾರರ ಹೆಂಡಂದಿರು ಲೈಬ್ರರಿಯಲ್ಲಿ ಸರದಿ ಕಾದು ಓದಿದರು.

ಸಮುದ್ರದಲ್ಲಿ ಸಿಕ್ಕಿಬಿದ್ದವರನ್ನು ಕಾಪಾಡುವ ಲೈಫ್‌ಬೋಟಿನ ಸಹಾಯಕ್ಕೆಂದು ಪ್ರತಿ ವರ್ಷ ಚರ್ಚಿನಲ್ಲಿ ಚೀಟಿ ಎತ್ತುತ್ತಿದ್ದರು. ಗೆದ್ದವರು ಹೇಳಿದ ಹೆಸರು ಮಾರ್ಜರಿಯ ಮುಂದಿನ ಪುಸ್ತಕದ ಒಂದು ಪಾತ್ರಕ್ಕೆ. ಜನ ಅತ್ತೆಯ ಹೆಸರು ಕೊಟ್ಟು, ವಿಷ ಹಾಕಿಸಿ, ಹೊಟ್ಟೆ ತುಂಬ ನಗುತ್ತಿದ್ದರು. ಆ ವರ್ಷ ಚೀಟಿ ಹಿಲ್ಡಾ ಕಾಪ್ಲಿಗೆ ಬಂತು. ಅವಳ ಮಗ ಡಗ್ಲಸ್ ಆರು ವರ್ಷದ ಹಿಂದೆ ದೋಣಿ ಸಮೇತ ಮುಳುಗಿದ್ದ, ದೇಹ ಸಿಕ್ಕಿರಲಿಲ್ಲ.

"ನಮ್ಮ ಡಗ್ಲಸ್ ಹೆಸ್ರು ಹಾಕಿ ಮೇಡಂ," ಎಂದಳು. "ನಿಮ್ ಪುಸ್ತಕದಲ್ಲಿ ಸತ್ತೋರಿಗೆಲ್ಲ ಏನ್ ಮಾಡ್ತೀರೋ, ಅದನ್ನೇ ಅವನಿಗೂ ಮಾಡಿ."

ಮನೆಗೆ ಬಂದಾಗ ಮಾರ್ಜರಿಯ ಮುಖ ಕಪ್ಪಿಟ್ಟಿತ್ತು. "ಒಂದ್ಸಲ ಸತ್ತವನನ್ನ ಮತ್ತೆ ಕೊಲ್ಲೋಕೆ ಕೈ ಬರಲ್ಲ ವಿನಿ. ಪಾಪ, ತಾನೇನು ಕೇಳ್ತಿದೀನಿ ಅಂತ ಅವಳಿಗೆ ಗೊತ್ತಿಲ್ಲ."

ಡಗ್ಲಸ್‌ನನ್ನು ನಗುಮುಖದ ಅಂಚೆಯವನನ್ನಾಗಿ ಮಾಡಿ, ಕೊನೆಯ ಅಧ್ಯಾಯದಲ್ಲಿ ಆಸ್ಟ್ರೇಲಿಯಾಕ್ಕೆ ಹೋಗುವ ಹಡಗು ಹತ್ತಿಸಿದಳು. ಟೈಪ್ ಮಾಡುತ್ತ ನಾನೂ ಕಣ್ಣೊರೆಸಿಕೊಂಡೆ. ಎಂಥ ಪೆದ್ದಿಯರು ನಾವು.

ಪುಸ್ತಕ ಬಂದ ವಾರವೇ ಹಿಲ್ಡಾ ಬಾಗಿಲು ತಟ್ಟಿದಳು.

"ಮತ್ತೆ ಸಮುದ್ರಕ್ಕೇ ಕಳಿಸಿಬಿಟ್ರಲ್ಲ ಮೇಡಂ. ನಿಮ್ಮ ಅಷ್ಟೂ ಪುಸ್ತಕ ಓದಿದೀನಿ. ಎಂಥಾ ಕಳ್ಳನ ಹೆಣನೂ ಸಿಗತ್ತೆ. ಯಾರೋ ಬಂದು ಗುರ್ತು ಹಿಡೀತಾರೆ, ಪಾದ್ರಿ ನಿಂತು ಮಣ್ಣು ಮಾಡಿಸ್ತಾರೆ. ನಾನು ಅಷ್ಟೇ ಕೇಳಿದ್ದು."

ಮಾರ್ಜರಿಗೆ ಆಗಲೇ ಶ್ವಾಸಕೋಶದ ಕ್ಯಾನ್ಸರ್. ಇನ್ನು ಬರೆಯುವುದಿಲ್ಲ ಎಂದಿದ್ದಳು. ಮರುದಿನ ಬೆಳಿಗ್ಗೆ ನನ್ನನ್ನು ಮಂಚದ ಪಕ್ಕ ಕೂರಿಸಿಕೊಂಡು ಹೇಳಿ ಬರೆಸಿದಳು: ದಡದಲ್ಲಿ ಒಬ್ಬ ಯುವಕನ ಹೆಣ, ಮೈಮೇಲೆ ತಾಯಿ ಹೆಣೆದ ನೀಲಿ ಸ್ವೆಟರು, ಹೆಸರು ಡಗ್ಲಸ್ ಕಾಪ್ಲಿ. ಒಂದು ಹಾಳೆ ತುಂಬುವಷ್ಟರಲ್ಲಿ ಉಸಿರು ಸಾಲಲಿಲ್ಲ.

"ಉಳಿದದ್ದು ನಾಳೆ," ಎಂದಳು. ಪುಸ್ತಕದಲ್ಲಿ ಮಗ ಸಿಕ್ಕನೆಂದು ಆ ದಿನವೇ ನಾನು ಹಿಲ್ಡಾಗೆ ಹೇಳಿಕಳಿಸಿದೆ. ಮಾರ್ಜರಿ ಹತ್ತು ದಿನ ನಾಳೆ ನಾಳೆ ಎನ್ನುತ್ತಲೇ ತೀರಿಕೊಂಡಳು.

ಅವಳ ಗುಂಡಿ ಮುಚ್ಚುತ್ತಿರುವಾಗ ಹಿಲ್ಡಾ ನನ್ನ ಪಕ್ಕಕ್ಕೆ ಬಂದು ನಿಂತಳು.

"ಅವನನ್ನ ಮಣ್ಣು ಮಾಡಿದ್ರಾ?"

"ಮಾಡಿದ್ರು," ಎಂದೆ. ಬೇರೆ ಏನು ಹೇಳಲಿ?

"ಹಾಗಾದ್ರೆ ಆ ಹಾಳೆ ಕೊಡಮ್ಮ. ಓದ್ಬೇಕು."

ನನ್ನ ಬಳಿ ಇದ್ದದ್ದು ಒಂದೇ ಹಾಳೆ. ಅದರಲ್ಲಿ ಅವನು ಇನ್ನೂ ಮರಳ ಮೇಲೇ ಬಿದ್ದಿದ್ದ.